ಎಲ್ಲರ ಕಣ್ಣಿಗೂ ಕಾಣುವ ಜೆರ್ಸಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಇಂಜಿನಿಯರ್ ಆದ್ದರಿಂದ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಆದರೆ ಹೋದ ವಾರ ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಮಹೋತ್ಸವದ ನೆನಪಿಗೆ ನಾವೆಲ್ಲ ಸೇರಿ ಶಾಲೆಗೆ ಕೊಡಲಿರುವ ಎರಡು ಸೆಟ್ ಫುಟ್‌ಬಾಲ್ ಜೆರ್ಸಿಗಳ ಮಾದರಿ ಅದು. ಒಂದು ಕೆಂಪು, ಒಂದು ಹಸಿರು ಎಂದು ಕೆಳಗೆ ಬರೆದಿತ್ತು. ಬರೆಯದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಕಂದು. ಆದ್ದರಿಂದ ಇವತ್ತು ಆ ವಿಷಯವನ್ನೇ ಮಾತಾಡುತ್ತೇನೆ.

ಒಂಬತ್ತನೇ ತರಗತಿಯಲ್ಲಿದ್ದಾಗ ಇದೇ ಮೈದಾನದಲ್ಲಿ ಎರಡು ಸೆಕ್ಷನ್‌ಗಳ ನಡುವೆ ಪಂದ್ಯವಿತ್ತು. ಗುರುತಿಗೆ ಒಂದು ತಂಡಕ್ಕೆ ಕೆಂಪು ರಿಬ್ಬನ್, ಇನ್ನೊಂದಕ್ಕೆ ಹಸಿರು. ನಾನು ಎರಡು ಸಲ ಚೆಂಡನ್ನು ನೇರವಾಗಿ ಎದುರಾಳಿಯ ಕಾಲಿಗೆ ಕೊಟ್ಟೆ. ಎರಡನೆಯದು ಗೋಲಾಯಿತು. "ಆಚೆ ಕಡೆಯವರಿಗೆ ಮಾರಿಕೊಂಡಿದ್ದೀಯೇನೋ" ಎಂದು ಗೆಳೆಯರು ರೇಗಿದರು. ಗಮನ ಎಲ್ಲಿದೆ ಎಂದು ಪಿ.ಟಿ. ಮೇಷ್ಟ್ರು ಗದರಿದರು. ನನ್ನದೇ ತಪ್ಪು ಎಂದು ನಾನೂ ನಂಬಿದೆ. ಅಂದಿನಿಂದ ಆಟ ಬಿಟ್ಟು ಗೆರೆಯ ಆಚೆ ಕೂತು ಸ್ಕೋರ್ ಬರೆಯುವವನಾದೆ. ಕೆಲಸಕ್ಕೆ ಸೇರಿದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು. ಉಳಿದವರಿಗೆ ಅಂಕಿ ಕಂಡ ಪುಟಗಳಲ್ಲಿ ನನಗೆ ಬರೀ ಚುಕ್ಕಿ ಕಂಡವು. ನನಗೆ ವರ್ಣಾಂಧತೆ ಇದೆ ಎಂದು ತಿಳಿದದ್ದು ಆಗಲೇ.

ಇದರ ಕಾರಣ ಸರಳ. ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಬೇರೆ ರೀತಿ ಕೆಲಸ ಮಾಡಿದರೆ ಕೆಂಪು, ಹಸಿರು, ಕಂದು ಒಂದರೊಳಗೊಂದು ಬೆರೆಯುತ್ತವೆ. ಇದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅವರಲ್ಲಿ ಇದು ಹೆಚ್ಚು. ಉತ್ತರ ಯುರೋಪ್ ಮೂಲದವರಲ್ಲಿ ಗಂಡಸರ ಪೈಕಿ ಸುಮಾರು 12ಕ್ಕೆ ಒಬ್ಬರು, ಹೆಂಗಸರ ಪೈಕಿ ಸುಮಾರು 200ಕ್ಕೆ ಒಬ್ಬರು ಹೀಗಿದ್ದಾರೆ. ಆ ಲೆಕ್ಕದಲ್ಲಿ ಅಲ್ಲಿನ 22 ಗಂಡಸರ ಒಂದು ಪಂದ್ಯದಲ್ಲಿ ಸರಾಸರಿ ಒಬ್ಬರೋ ಇಬ್ಬರೋ ಇರುತ್ತಾರೆ. ನಮ್ಮ ದೇಶದಲ್ಲಿ ಪ್ರಮಾಣ ಸ್ವಲ್ಪ ಕಡಿಮೆ. ಆದರೆ ಈ ಸಭೆಯಲ್ಲಿ ನಾನೊಬ್ಬನೇ ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ತೊಂದರೆ ಏನೆಂದರೆ, ಇದ್ದವರಿಗೇ ಅದು ಗೊತ್ತಿರುವುದಿಲ್ಲ. ಪರಮಾಣು ಸಿದ್ಧಾಂತದ ಪಾಠದಲ್ಲಿ ಓದಿದ ಜಾನ್ ಡಾಲ್ಟನ್ ನೆನಪಿದ್ದಾರಲ್ಲ, ಅವರಿಗೂ ಇದು ಇತ್ತು. ಅದನ್ನು ತಾವೇ ಗುರುತಿಸಿ 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಬಂಧ ಓದಿದಾಗ ಅವರಿಗೆ 28 ವರ್ಷ. ಅಂಥ ವಿಜ್ಞಾನಿಗೇ ತಿಳಿಯಲು ಅಷ್ಟು ಕಾಲ ಹಿಡಿಯಿತು. ಇನ್ನು ಒಂಬತ್ತನೇ ತರಗತಿಯ ಹುಡುಗನ ಪಾಡೇನು?

ಈಗ ದೊಡ್ಡ ಮೈದಾನಗಳಿಗೆ ಬರೋಣ. 2018ರ ಜೂನ್ 14ರಂದು ಮಾಸ್ಕೋದಲ್ಲಿ ವಿಶ್ವಕಪ್ ಫುಟ್‌ಬಾಲ್‌ನ ಮೊದಲ ಪಂದ್ಯ. ರಷ್ಯಾ ಕೆಂಪಿನಲ್ಲಿ, ಸೌದಿ ಅರೇಬಿಯಾ ಹಸಿರಿನಲ್ಲಿ. ರಷ್ಯಾ 5–0ಯಿಂದ ಗೆದ್ದಿತು. ಯಾರು ಯಾವ ತಂಡ ಎಂದೇ ತಿಳಿಯುತ್ತಿಲ್ಲ ಎಂದು ನನ್ನಂಥ ಎಷ್ಟೋ ಪ್ರೇಕ್ಷಕರು ದೂರಿದರು. ಅದಕ್ಕೆ ಕೆಲವು ದಿನ ಮುಂಚೆ ಕೆಂಪು ಜೆರ್ಸಿಯ ಡೆನ್ಮಾರ್ಕ್ ತಂಡ ಹಸಿರು ಜೆರ್ಸಿಯ ಮೆಕ್ಸಿಕೊ ಜೊತೆ ಆಡಿತ್ತು. ಡೆನ್ಮಾರ್ಕ್‌ನ ಆಟಗಾರ ಥಾಮಸ್ ಡಿಲೇನಿ ರೇಡಿಯೊ ಕಾರ್ಯಕ್ರಮವೊಂದಕ್ಕೆ ಫೋನ್ ಮಾಡಿ, ತಮಗೆ ವರ್ಣಾಂಧತೆ ಇದೆ, ಆ ಪಂದ್ಯದಲ್ಲಿ ಕಷ್ಟವಾಯಿತು ಎಂದು ಹೇಳಿಕೊಂಡರು. ದೇಶದ ತಂಡಕ್ಕೆ ಆಡುವವರೂ ನನ್ನ ಹಾಗೇ ಇದ್ದಾರೆ ಎಂದು ಓದಿದ ದಿನ ನನ್ನ ಎದೆಯ ಮೇಲಿದ್ದ ಹಳೆಯ ಭಾರ ಇಳಿಯಿತು.

ತಮಾಷೆ ಎಂದರೆ, ಫುಟ್‌ಬಾಲ್‌ಗೆ ಈ ಪಾಠ ಹೊಸದಲ್ಲ. ಪಂಚಾಯಿತಿ ಕಟ್ಟೆಯ ಕಪ್ಪು–ಬಿಳುಪು ಟಿ.ವಿ. ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಅಂಥ ಟಿ.ವಿ.ಯಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣ. ಆದ್ದರಿಂದ ಆಗ ಒಂದು ತಂಡ ತಿಳಿ ಬಣ್ಣ, ಇನ್ನೊಂದು ಗಾಢ ಬಣ್ಣ ಹಾಕುವಂತೆ ನೋಡಿಕೊಳ್ಳುತ್ತಿದ್ದರು. 1978ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ಊರಿನಲ್ಲಿ ಇದೇ ಏರ್ಪಾಟಿನಲ್ಲಿ ಗೊಂದಲವಾಗಿ ಫ್ರಾನ್ಸ್ ಮತ್ತು ಹಂಗೆರಿ ಎರಡೂ ಬಿಳಿ ಅಂಗಿಯಲ್ಲಿ ಬಂದುಬಿಟ್ಟವು. ಕೊನೆಗೆ ಕಿಂಬರ್ಲಿ ಎಂಬ ಸ್ಥಳೀಯ ಕ್ಲಬ್‌ನಿಂದ ಹಸಿರು–ಬಿಳಿ ಪಟ್ಟೆಯ ಜೆರ್ಸಿ ತರಿಸಿ ಫ್ರಾನ್ಸ್ ತಂಡ ಆಡಿತು, 3–1ರಿಂದ ಗೆದ್ದಿತು. ಬಣ್ಣದ ಟಿ.ವಿ. ಮನೆಮನೆಗೆ ಬಂದ ಮೇಲೆ ಆ ಎಚ್ಚರ ಸಡಿಲವಾಯಿತು. ಟಿ.ವಿ.ಗೆ ಬಣ್ಣ ಬಂತು, ಆದರೆ ನಮ್ಮ ಕಣ್ಣು ಮೊದಲಿನಂತೆಯೇ ಇದೆ.

ಫುಟ್‌ಬಾಲ್ ನಿಯಮಾವಳಿಯ ನಾಲ್ಕನೇ ನಿಯಮ ಎರಡೂ ತಂಡಗಳು ಬೇರೆಬೇರೆಯಾಗಿ ಗುರುತು ಸಿಗುವ ಬಣ್ಣ ಧರಿಸಬೇಕು ಎನ್ನುತ್ತದೆ. ಯಾರ ಕಣ್ಣಿಗೆ ಎಂಬುದೇ ಪ್ರಶ್ನೆ. 2017ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ವರ್ಣಾಂಧರ ಬಗ್ಗೆಯೇ ಮಾರ್ಗದರ್ಶಿಯೊಂದನ್ನು ಹೊರತಂದಿತು. ಜೆರ್ಸಿಯಷ್ಟೇ ಅಲ್ಲ, ಹುಲ್ಲಿನ ಮೇಲಿಡುವ ಕೆಂಪು ಕೋನ್, ಬಣ್ಣದಿಂದಲೇ ವಿಭಾಗ ತೋರಿಸುವ ಸ್ಟೇಡಿಯಂ ನಕ್ಷೆ, ಇವೂ ನಮ್ಮಂಥವರನ್ನು ದಾರಿ ತಪ್ಪಿಸುತ್ತವೆ.

ನನ್ನ ಕೆಲಸದಲ್ಲಿ ಒಂದು ನಿಯಮವಿದೆ: ಯಾವ ಮಾಹಿತಿಯನ್ನೂ ಬರೀ ಬಣ್ಣದಿಂದ ಹೇಳಬಾರದು. ಎರಡು ಬಣ್ಣಗಳ ನಡುವಿನ ಬೆಳಕಿನ ವ್ಯತ್ಯಾಸವನ್ನು ಅಳೆಯಲು ಸೂತ್ರವೂ ಇದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ 1, ಕಪ್ಪು ಮತ್ತು ಬಿಳಿಗೆ 21. ಕಂಪ್ಯೂಟರ್ ಪರದೆಯ ಅಪ್ಪಟ ಕೆಂಪು ಮತ್ತು ಸಾಧಾರಣ ಹಸಿರನ್ನು ಹಾಕಿ ನೋಡಿದೆ: ಸುಮಾರು 1.3 ಬಂತು. ಕೆಂಪು ಮತ್ತು ಬಿಳಿಗೆ ಸುಮಾರು 4. ಹಳದಿ ಮತ್ತು ಗಾಢ ನೀಲಿಗೆ ಸುಮಾರು 15. ಇಷ್ಟು ಲೆಕ್ಕವೂ ಬೇಡ. ಎರಡೂ ಜೆರ್ಸಿಗಳನ್ನು ಅಕ್ಕಪಕ್ಕ ಇಟ್ಟು ಮೊಬೈಲ್‌ನಲ್ಲಿ ಕಪ್ಪು–ಬಿಳುಪು ಫೋಟೋ ತೆಗೆಯಿರಿ. ಅದರಲ್ಲಿ ಎರಡೂ ಸ್ಪಷ್ಟವಾಗಿ ಬೇರೆ ಕಂಡರೆ ನಮ್ಮಂಥವರಿಗೂ ಬೇರೆ ಕಾಣುತ್ತವೆ.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೇ. ಸಾಧ್ಯವಿದ್ದರೆ ಹಳದಿ ಮತ್ತು ಗಾಢ ನೀಲಿ ತರಿಸೋಣ. ಕೆಂಪಿಗೆ ಮುಂಗಡ ಕೊಟ್ಟಾಗಿದ್ದರೆ ಅದು ಇರಲಿ, ಹಸಿರಿನ ಬದಲು ಬಿಳಿ ತರಿಸೋಣ. ಬಿಳಿ ಬೇಗ ಕೊಳೆಯಾಗುತ್ತದೆ, ನಿಜ, ಒಗೆದರೆ ಹೋಗುತ್ತದೆ. ಉಪಾಧ್ಯಾಯರಲ್ಲಿ ಇನ್ನೊಂದು ಮಾತು. ನಕ್ಷೆಯಲ್ಲಿ ಬಣ್ಣ ತುಂಬಿಸುವಾಗ ಪಕ್ಕದಲ್ಲಿ ಹೆಸರನ್ನೂ ಬರೆಸಿ. ಒಬ್ಬ ಹುಡುಗ ಮತ್ತೆ ಮತ್ತೆ ಬಣ್ಣ ತಪ್ಪಿದರೆ ಗದರುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಕಳಿಸಿ. ಇದಕ್ಕೆ ಔಷಧಿಯಿಲ್ಲ, ಆದರೆ ಗೊತ್ತಾದರೆ ಅರ್ಧ ಕಷ್ಟ ಕಳೆಯುತ್ತದೆ.

ಅಂದು ನನ್ನನ್ನು ಗದರಿದ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸರ್, ಅದು ನಿಮ್ಮ ತಪ್ಪಲ್ಲ, ನಿಮಗೂ ಗೊತ್ತಿರಲಿಲ್ಲ. ನನ್ನ ತಪ್ಪೂ ಅಲ್ಲ ಎಂದು ಇಷ್ಟು ವರ್ಷದ ಮೇಲೆ ನಿಮ್ಮೆದುರು ಹೇಳಬೇಕಿತ್ತು, ಹೇಳಿದ್ದೇನೆ. ಈಗ ನಮಗೆಲ್ಲ ಗೊತ್ತಾಗಿದೆ. ಗೊತ್ತಿದ್ದೂ ಇನ್ನೊಬ್ಬ ಹುಡುಗನನ್ನು ಗೆರೆಯ ಆಚೆ ಕೂರಿಸುವುದು ಬೇಡ.