ಐತಿಹಾಸಿಕ ಕಾದಂಬರಿಯೂ ಉಡಿಕೆಯ ಸೀರೆಯೂ

ಗಂಡನನ್ನು ಕಳೆದುಕೊಂಡ ಹೆಣ್ಣಿಗೂ ಹೆಂಡತಿಯನ್ನು ಕಳೆದುಕೊಂಡ ಗಂಡಿಗೂ ನಡುವಯಸ್ಸಿನಲ್ಲಿ ಹುಟ್ಟುವ ಒಲವಿಗೆ ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಎಡೆ ದೊರೆತಿರುವುದು ಬಹು ಅಪರೂಪ. ಈ ಕೊರತೆಯನ್ನು ಕುರಿತು ಇಂದು ನಾವು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಶ್ರೋತೃಗಳಲ್ಲಿ ಕೆಲವರು ಥಾಮಸ್ ಹಾರ್ಡಿಯ ‘ದಿ ಟ್ರಂಪೆಟ್ ಮೇಜರ್’ ಎಂಬ 1880ರ ಕಾದಂಬರಿಯನ್ನು ಓದಿರಬಹುದು. ನೆಪೋಲಿಯನ್ನನು ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದಾನೆಂಬ ಭೀತಿಯ ಕಾಲದ ಕಥೆಯದು. ಹಿಟ್ಟಿನ ಗಿರಣಿಯ ಲವ್‌ಡೇ ವಿಧುರ. ಅವನ ಮನೆಯ ಒಂದು ಭಾಗದಲ್ಲಿ ವಾಸವಾಗಿರುವ ಗಾರ್ಲೆಂಡಮ್ಮ ವಿಧವೆ. ಮಗನ ಮದುವೆಗೆಂದು ಭಕ್ಷ್ಯಗಳೆಲ್ಲ ಸಿದ್ಧವಾಗಿರುವಾಗ ವಧು ಹೊರಟುಹೋಗುತ್ತಾಳೆ. ಮಾಡಿಟ್ಟದ್ದು ಹಾಳಾಗಬಾರದೆಂಬುದನ್ನೇ ನೆಪಮಾಡಿಕೊಂಡು ತಂದೆಯು ಗಾರ್ಲೆಂಡಮ್ಮನ ಕೈಹಿಡಿಯುತ್ತಾನೆ! ಇದನ್ನು ಹೇಳುವಾಗ ಹಾರ್ಡಿಗೆ ನಗು ಬರುತ್ತದೆಯೇ ಹೊರತು ನಾಚಿಕೆಯಾಗುವುದಿಲ್ಲ.

ನಮ್ಮಲ್ಲಿ ಗುಲ್ವಾಡಿ ವೆಂಕಟರಾಯರು 1899ರಷ್ಟು ಹಿಂದೆಯೇ ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಮದುವೆ ಮಾಡಿಸಿದರು. ಆದರೆ ಅದು ಅವರ ಕಾಲದ್ದೇ ಕಥೆ, ವರನೂ ಅವಿವಾಹಿತ. ಐತಿಹಾಸಿಕ ಕಾದಂಬರಿಗೆ ಬಂದರೆ ಮಾಸ್ತಿಯವರ ‘ಚೆನ್ನಬಸವನಾಯಕ’ವಿದೆ. ವಿಧವೆಯಾದ ಬಿದನೂರಿನ ರಾಣಿಯ ಮನಸ್ಸು ಅಲ್ಲಿ ನಿಂಬಯ್ಯನಲ್ಲಿ ನೆಡುತ್ತದೆ. ಆ ಒಲವು ರಾಜ್ಯದ ಕೇಡಿನೊಡನೆ ಹೆಣೆದುಕೊಳ್ಳುತ್ತದೆ. 1763ರಲ್ಲಿ ಬಿದನೂರು ಹೈದರನ ವಶವಾಯಿತಷ್ಟೆ. ಮಾಸ್ತಿಯವರಿಗಿಂತ ಮರುಕವುಳ್ಳ ಲೇಖಕರು ನಮ್ಮಲ್ಲಿ ಹೆಚ್ಚಿಲ್ಲ. ಅವರ ಕೈಯಲ್ಲಿಯೇ ಹೀಗಾದರೆ ಉಳಿದವರ ಮಾತೇನು?

ಇದಕ್ಕೆ ಕಾರಣ ಕಲ್ಲುಗಳಲ್ಲಿದೆಯೆಂದು ನಮಗೆ ತೋರುತ್ತದೆ. ಕಾದಂಬರಿಕಾರನು ಗತಕಾಲವನ್ನರಿಯುವುದು ಶಾಸನಗಳಿಂದ, ವೀರಗಲ್ಲು ಮಾಸ್ತಿಕಲ್ಲುಗಳಿಂದ. ಮಾಸ್ತಿಕಲ್ಲಿನಲ್ಲಿ ಬಳೆತೊಟ್ಟ ತೋಳೊಂದು ಮೇಲೆದ್ದು ನಿಂತಿರುತ್ತದೆ. ಗಂಡನೊಡನೆ ಸತ್ತವಳಿಗೆ ಕಲ್ಲು ನಿಂತಿತು. ಬದುಕಿ ಇನ್ನೊಂದು ಮನೆಯನ್ನು ಬೆಳಗಿದವಳಿಗೆ ಯಾರೂ ಕಲ್ಲು ಕಡೆಯಲಿಲ್ಲ.

ಅಂಥವಳು ಇದ್ದಳೆಂಬುದರಲ್ಲಿ ಸಂದೇಹವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು, ಅಂದರೆ ಈಗಿನ ವಿಜಯನಗರ ಜಿಲ್ಲೆಯ ಸೀಮೆ, ಹಿಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ಆ ಜಿಲ್ಲೆಯ ಹಲವು ಸಮುದಾಯಗಳಲ್ಲಿ ‘ಉಡಿಕೆ’ಯೆಂಬ ಪದ್ಧತಿ ರೂಢಿಯಲ್ಲಿತ್ತು. ವಿಧವೆಗೆ ಹೊಸ ಸೀರೆಯನ್ನು ಉಡಿಸಿ ಇನ್ನೊಬ್ಬನಿಗೆ ಒಪ್ಪಿಸುವ ಮದುವೆಯಿದು. ಸಾಮಾನ್ಯವಾಗಿ ಆ ಇನ್ನೊಬ್ಬನೂ ಹೆಂಡತಿಯನ್ನು ಕಳೆದುಕೊಂಡವನೇ. ಹಸೆಯಿಲ್ಲ, ಚಪ್ಪರವಿಲ್ಲ. ಕತ್ತಲಾದ ಮೇಲೆ ನಡೆಯುವ ಈ ಕಾರ್ಯಕ್ಕೆ ಮುತ್ತೈದೆಯರು ಬರುತ್ತಿರಲಿಲ್ಲ. ಉಡಿಕೆಯಾದವಳನ್ನು ಇತರರ ಮದುವೆಯ ಶುಭಕಾರ್ಯಗಳಿಗೆ ಮುಂದೆ ಕರೆಯುತ್ತಿರಲೂ ಇಲ್ಲ. ಸಮಾಜವು ಒಪ್ಪಿತ್ತು, ಆದರೆ ಮುಖ ತಿರುಗಿಸಿಕೊಂಡು ಒಪ್ಪಿತ್ತು.

ಅದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ವಿಧವಾವಿವಾಹಕ್ಕೆ ಮಾನ್ಯತೆಯಿತ್ತ 1856ರ ಕಾನೂನೇ, ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿದ್ದ ಹಕ್ಕನ್ನು ಕಿತ್ತುಕೊಂಡಿತು. ಮೊದಲ ಗಂಡನ ಮಕ್ಕಳು ಬಹುಮಟ್ಟಿಗೆ ಆ ಮನೆಯವರ ಪಾಲೇ. ಉಪನ್ಯಾಸದ ಕೊಠಡಿಯಲ್ಲಿ ನಾವು ‘ಸಂಘರ್ಷ’ವೆಂದು ವಿದ್ಯಾರ್ಥಿಗಳಿಗೆ ಬರೆಯಿಸುವ ವಸ್ತುವೆಲ್ಲ ಇಲ್ಲಿ ತಾನಾಗಿಯೇ ಬಿದ್ದಿದೆ.

ಹೀಗಿರಲು ಕಾದಂಬರಿಕಾರನಿಗೆ ರಾಣಿಯೇ ಏಕೆ ಬೇಕು? ಹೂವಿನ ಹಡಗಲಿಯ ಮಲ್ಲಿಗೆಯ ತೋಟವನ್ನು ನೆನೆಯಿರಿ. ಅಲ್ಲಿಯ ಹೂ ವಿಜಯನಗರಕ್ಕೆ ಹೊಳೆಯ ಮೇಲೆ ಹೋಗುತ್ತಿತ್ತೆಂದು ಜನರ ಪ್ರತೀತಿ. ನಸುಕಿನಲ್ಲಿ ಮೊಗ್ಗು ಬಿಡಿಸಿ ಮಾಲೆ ಕಟ್ಟುವ ಕೈ ವಿಧವೆಯದಾಗಿರಬಹುದು; ಮುಡಿಯುವ ಅಧಿಕಾರ ಮಾತ್ರ ಅವಳಿಗಿಲ್ಲ. ಬುಟ್ಟಿಯನ್ನು ಗಾಡಿಗೇರಿಸುವವನು ಹೆಂಡತಿ ಸತ್ತ ಗಾಡಿಕಾರ. ಕೊಟ್ಟೂರಿನ ಬಸವೇಶ್ವರನ ತೇರಿನಲ್ಲಿ ಒಮ್ಮೆ ಅವರಿಬ್ಬರು ಮಾತನಾಡಲಿ. ತೇರಿನ ಜಂಗುಳಿಯಲ್ಲಿ ಅವರನ್ನು ಗಮನಿಸುವವರಾರು? ಅಲ್ಲಿಂದಾಚೆಗೆ ಹರಪನಹಳ್ಳಿಯ ಪಾಳೆಯಗಾರರ ಯುದ್ಧವೋ ಕ್ಷಾಮವೋ ಬೇಕಾದುದನ್ನು ತರಲಿ. ನಾವು ಓದಲು ಕಾಯುವುದು ಒಂದೇ ಅಧ್ಯಾಯವನ್ನು: ಉಡಿಕೆಯ ರಾತ್ರಿ, ಮಗುವನ್ನು ಅತ್ತೆಯ ಮಗ್ಗುಲಲ್ಲಿ ಮಲಗಿಸಿ, ಹೊಸ ಸೀರೆಯ ಮಡಿಕೆ ಬಿಚ್ಚುವ ಮೊದಲು, ಆಕೆ ಆ ಮುದುಕಿಗೆ ಏನೆಂದು ಹೇಳಿದಳು?