ಪ್ರತಿ ಚಳಿಗಾಲದ ಕೆಮ್ಮು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಲು ತಿಳಿಸಿದ್ದೀರಿ. ನಮ್ಮ ಅವ್ವನ ಕೆಮ್ಮಿನಿಂದಲೇ ಶುರು ಮಾಡುತ್ತೇನೆ.

ಅವ್ವ ಬೀಡಿ ಮುಟ್ಟಿದವಳಲ್ಲ. ಆದರೆ ನಲವತ್ತು ವರ್ಷ ತೊಗರಿ ಕಟ್ಟಿಗೆಯ ಒಲೆ ಊದಿದಳು. ಚಳಿಗಾಲ ಬಂದು ತೊಗರಿ ರಾಶಿ ಶುರುವಾದರೆ ಸಾಕು, ರಾತ್ರಿಯಿಡೀ ಕೆಮ್ಮು, ಬೆಳಿಗ್ಗೆ ಕಫ. "ಇದು ವರ್ಷಾ ಇರೋದೇ, ಬಿಡಪ್ಪ" ಅನ್ನುತ್ತಿದ್ದಳು. ನಾವೂ ಬಿಟ್ಟೆವು. ವೈದ್ಯಕೀಯ ಓದುವಾಗ ಪುಸ್ತಕದಲ್ಲಿ ಕಂಡೆ: ವರ್ಷಕ್ಕೆ 3 ತಿಂಗಳಂತೆ ಸತತ 2 ವರ್ಷ ಕಫದ ಕೆಮ್ಮು ಇದ್ದು, ಅದಕ್ಕೆ ಬೇರೆ ಕಾರಣ ಸಿಗದಿದ್ದರೆ ಅದು ದೀರ್ಘಕಾಲದ ಬ್ರಾಂಕೈಟಿಸ್. ಅವ್ವನಿಗೆ ಅದು ಎಷ್ಟೋ ವರ್ಷಗಳಿಂದ ಇತ್ತು.

ಶ್ವಾಸನಾಳದ ಒಳಪದರ ಊದಿಕೊಂಡು ಕಫ ಕಟ್ಟುವುದೇ ಬ್ರಾಂಕೈಟಿಸ್. ನೆಗಡಿಯ ಜೊತೆ ಬರುವಂಥದ್ದು ಹೆಚ್ಚಾಗಿ ವೈರಸ್‌ನಿಂದ. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಸೂಜಿ ಹಾಕಿಸಲೇಬೇಕೆಂದು ಹಟ ಹಿಡಿಯಬೇಡಿ. ವಿಶ್ರಾಂತಿ, ಬೆಚ್ಚಗಿನ ನೀರು, ಸ್ವಲ್ಪ ಜೇನು ಸಾಕು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೇಡ. ಈ ಕೆಮ್ಮು ಆರಲು ಎರಡು ಮೂರು ವಾರ ಹಿಡಿಯಬಹುದು.

ಆದರೆ ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಿ. ಕ್ಷಯ ಅಲ್ಲವೆಂದು ಖಾತ್ರಿಯಾಗಬೇಕು. ಸರ್ಕಾರಿ ದವಾಖಾನೆಯಲ್ಲಿ ಅದು ಉಚಿತ. ಕಫದಲ್ಲಿ ರಕ್ತ, ಕುಂತಲ್ಲೇ ದಮ್ಮು, ಎದೆನೋವು, ಇಳಿಯದ ಜ್ವರ ಕಂಡರೆ ಎರಡು ವಾರ ಕಾಯದೆ ಅಂದೇ ಹೋಗಿ. ಕೂಸು ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೂ ಹಾಗೆಯೇ.

ಹಳೆಯ ಬ್ರಾಂಕೈಟಿಸ್ ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿ ಇರುತ್ತದೆ. ಮೊದಲ ಔಷಧ ಹೊಗೆಯನ್ನು ಬಿಡುವುದು. 2016ರಲ್ಲಿ ಉಜ್ವಲಾ ಯೋಜನೆ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಬೀಗರು ಬಂದಾಗಿನ ಚಹಾಕ್ಕೆ, ಒಲೆ ದಿನದ ರೊಟ್ಟಿಗೆ. ಒಲೆ ಬಿಡಲು ಆಗದಿದ್ದರೆ ಅದನ್ನು ಬಯಲಿಗೆ ತನ್ನಿ, ಕೂಸನ್ನು ಅದರ ಹತ್ತಿರ ಕೂಡಿಸಬೇಡಿ. ರಾಶಿ ಮಷೀನಿನ ಮುಂದೆ ಮೂಗು ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ. ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು. ಬೀಡಿ ಸೇದುವ ಅಣ್ಣಂದಿರೇ, ನಿಮ್ಮ ಹೊಗೆ ಮನೆಯವರ ಎದೆಗೂ ಹೋಗುತ್ತದೆ.

ಎರಡನೆಯದು ಇನ್ಹೇಲರ್. "ಅದು ಚಟ ಹಿಡಿಸುತ್ತದೆ" ಎಂದು ಅವ್ವ ಹೆದರಿದ್ದಳು. ಅದು ಚಟವಲ್ಲ. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧ ಇದ್ದರೆ, ಇನ್ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ಅಷ್ಟು ಕಡಿಮೆ ಔಷಧ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಯಾವುದನ್ನು, ಎಷ್ಟು ಸಲ ಎಂಬುದನ್ನು ಡಾಕ್ಟರೇ ಹೇಳಬೇಕು; ಎಳೆಯುವ ರೀತಿಯನ್ನು ಅವರ ಮುಂದೆಯೇ ಮಾಡಿ ಕಲಿಯಿರಿ.

ಗ್ಯಾಸು, ಇನ್ಹೇಲರ್ ಎರಡೂ ಬಂದ ಮೇಲೆ ಅವ್ವ ಕೊನೆಯ ಆರು ವರ್ಷ ರಾತ್ರಿ ಮಲಗಿ ನಿದ್ದೆ ಮಾಡಿದಳು. ಹತ್ತು ವರ್ಷ ಮೊದಲೇ ಮಾಡಬಹುದಿತ್ತು. ಆ ಕೊರಗು ನನಗಿದೆ, ನಿಮಗೆ ಬೇಡ.

ನಿಮ್ಮ ಮನೆಯಲ್ಲಿ ಯಾರಾದರೂ ಪ್ರತಿ ಚಳಿಗಾಲ ಕೆಮ್ಮುತ್ತಿದ್ದರೆ "ವರ್ಷಾ ಇರೋದೇ" ಎನ್ನಬೇಡಿ. ಈ ವಾರವೇ ಆಳಂದಕ್ಕೋ ಕಲಬುರಗಿಗೋ ಕರೆದುಕೊಂಡು ಹೋಗಿ ತೋರಿಸಿ.