ತಂದೆ, ಮಗ, ಪವಿತ್ರಾತ್ಮ: ಒಬ್ಬರೇ ದೇವರು ಹೇಗೆ?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಉಪನ್ಯಾಸ)



ಸಂಘದ ಕೆಲಸಕ್ಕೆಂದು ಊರೂರಿಗೆ ಬಂದಾಗ ನೀವು ನನ್ನನ್ನು ಕೇಳುತ್ತೀರಿ: "ಸಿಸ್ಟರ್, ಪ್ರಾರ್ಥನಾ ಮಾಡುಮುಂದ ಹಣಿ, ಎದಿ, ಭುಜ ಮುಟ್ಟಿಕೊಂಡು ಮೂರು ಹೆಸರು ಹೇಳ್ತೀರಲ್ಲ, ನಿಮಗ ಮೂರು ಮಂದಿ ದೇವರೇನ್ರಿ?" ನಮ್ಮ ಕ್ರೈಸ್ತ ಸದಸ್ಯೆಯರಿಗೂ ನೆರೆಮನೆಯವರು ಇದನ್ನೇ ಕೇಳುತ್ತಾರೆ. ಉತ್ತರ ತಿಳಿಯದೆ ಅವರು ಸುಮ್ಮನಾಗುತ್ತಾರೆ. ಆದ್ದರಿಂದ ಈ ದಿನ ಬೈಬಲಿನಲ್ಲಿ ಏನಿದೆಯೋ ಅದನ್ನೇ ನೋಡೋಣ. ಇದು ಯಾರ ನಂಬಿಕೆಯನ್ನೂ ಬದಲಿಸುವ ಮಾತಲ್ಲ. ಒಂದೇ ಸಂಘದಲ್ಲಿ ಕೂತು ಉಳಿತಾಯ ಮಾಡುವವರು ಒಬ್ಬರ ನಂಬಿಕೆ ಇನ್ನೊಬ್ಬರು ತಿಳಿದುಕೊಂಡರೆ ತಪ್ಪು ತಿಳುವಳಿಕೆ ಕಡಿಮೆಯಾಗುತ್ತದೆ, ಅಷ್ಟೇ.

ದೇವರು ಒಬ್ಬರೇ

ಮೊದಲು ಇದು ಗಟ್ಟಿಯಾಗಲಿ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ದೇವರು ಒಬ್ಬರೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಯೇಸುಸ್ವಾಮಿ ಹುಟ್ಟಿ ಬೆಳೆದದ್ದು ಈ ನಂಬಿಕೆಯ ಯೆಹೂದ್ಯ ಜನರಲ್ಲಿ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಅವರು ಈ ಮಾತಿನಿಂದಲೇ ಉತ್ತರ ಆರಂಭಿಸಿದರು (ಮಾರ್ಕ 12). ಹಾಗಾಗಿ ಕ್ರೈಸ್ತರಿಗೆ ಮೂರು ದೇವರಿಲ್ಲ.

ಹಂಗಾದ್ರ ಮೂರು ಹೆಸರು ಯಾಕ?

ಈ ಮೂರೂ ಹೆಸರು ಕೂಡಿ ಬಂದ ಮಾತನ್ನು ಶುಭಸಂದೇಶದಲ್ಲಿ ಮೊದಲು ಕೇಳಿಸಿಕೊಂಡವಳು ಒಬ್ಬ ಹೆಣ್ಣುಮಗಳು. ನಜರೇತೆಂಬ ಸಣ್ಣ ಊರಿನ ಮರಿಯಳಿಗೆ ದೇವದೂತ ಹೇಳಿದ್ದೇನು? ಪವಿತ್ರಾತ್ಮ ನಿನ್ನ ಮೇಲೆ ಬರುವರು, ಪರಾತ್ಪರ ದೇವರ ಶಕ್ತಿ ನಿನ್ನನ್ನು ಆವರಿಸುವುದು, ಹುಟ್ಟುವ ಮಗು ದೇವರ ಪುತ್ರನೆನಿಸಿಕೊಳ್ಳುವುದು ಎಂದು (ಲೂಕ 1:35).

ಮುಂದೆ ಜೋರ್ಡನ್ ನದಿಯಲ್ಲಿ ಯೇಸು ಸ್ನಾನದೀಕ್ಷೆ ಪಡೆದು ಮೇಲೆ ಬಂದಾಗ ಪವಿತ್ರಾತ್ಮ ಪಾರಿವಾಳದಂತೆ ಇಳಿದು ಬಂದರು. ಈತ ತನ್ನ ಪ್ರೀತಿಯ ಮಗ ಎಂಬ ತಂದೆಯ ಧ್ವನಿ ಸ್ವರ್ಗದಿಂದ ಕೇಳಿಸಿತು (ಮಾರ್ಕ 1:9-11). ನೀರಲ್ಲಿ ನಿಂತವರು ಮಗ, ಮಾತಾಡಿದವರು ತಂದೆ, ಇಳಿದು ಬಂದವರು ಪವಿತ್ರಾತ್ಮ. ದೊಡ್ಡಾಟದಾಗ ಒಬ್ಬನ ಮೂರು ವೇಷ ಹಾಕಿದಂಗ ಇದು ಅಲ್ಲರಿ. ಮೂವರೂ ಒಂದೇ ಹೊತ್ತಿಗೆ ಇದ್ದಾರೆ.

ಕೊನೆಗೆ, ಶಿಷ್ಯರನ್ನು ಲೋಕಕ್ಕೆ ಕಳಿಸುವಾಗ ಯೇಸು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷೆ ಕೊಡಲು ಹೇಳಿದರು (ಮತ್ತಾಯ 28:19). ಗ್ರೀಕ್ ಮೂಲದಲ್ಲಿ 'ಹೆಸರು' ಎಂಬುದು ಏಕವಚನ. ಮೂವರಿಗೂ ಕೂಡಿ ಒಂದೇ ಹೆಸರು, ಅಂದರೆ ಒಂದೇ ದೈವತ್ವ. ಇದನ್ನೇ ನಾವು ಪವಿತ್ರ ತ್ರಿತ್ವ ಎನ್ನುತ್ತೇವೆ. 'ತ್ರಿತ್ವ' ಎಂಬ ಪದ ಬೈಬಲಿನಲ್ಲಿ ಇಲ್ಲ, ಅದರ ಅರ್ಥ ಇದೆ.

ಹೋಲಿಕೆ ಎಲ್ಲಿಯವರೆಗೆ?

ಗದುಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದನ್ನು ನೋಡಿದವರು "ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದಂಗೇನ್ರಿ?" ಎನ್ನುತ್ತಾರೆ. ಕೇಳುವುದು ಸಹಜ. ಆದರೆ ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿ ಹೇಳುತ್ತಾರೆ. ಕ್ರೈಸ್ತ ನಂಬಿಕೆಯಲ್ಲಿ ಹಾಗೆ ಹಂಚಿಕೆ ಇಲ್ಲ. ಸೃಷ್ಟಿಯಾಗಲಿ, ರಕ್ಷಣೆಯಾಗಲಿ, ಮೂವರೂ ಕೂಡಿಯೇ ಮಾಡುತ್ತಾರೆ.

ಸುಮಾರು 1,800 ವರ್ಷಗಳ ಹಿಂದೆ ಉತ್ತರ ಆಫ್ರಿಕಾದ ತೆರ್ತುಲಿಯನ್ ಎಂಬ ವಿದ್ವಾಂಸರು ನೀರಿನ ಹೋಲಿಕೆ ಕೊಟ್ಟರು: ನೀರಿನ ಸೆಲೆ, ಅದರಿಂದ ಹರಿದ ಹೊಳೆ, ಹೊಳೆಯಿಂದ ಹೊರಟ ಕವಲು. ನಮಗೆ ಇದು ಬಹಳ ಹತ್ತಿರದ ಮಾತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆಯ ಮೂಲ. ನವಿಲುತೀರ್ಥದಲ್ಲಿ ಅಣೆಕಟ್ಟು. ಅಲ್ಲಿಂದ ಕಾಲುವೆ ನರಗುಂದದ ಕಡೆಗೆ. ಮೂಲ ಬೇರೆ, ಹೊಳೆ ಬೇರೆ, ಕಾಲುವೆ ಬೇರೆ, ನೀರು ಒಂದೇ.

ಆದರೆ ಈ ಹೋಲಿಕೆಯ ಕೊರತೆಯೂ ನಿಮಗೇ ಚೆನ್ನಾಗಿ ಗೊತ್ತು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟೋದೇ ಕಷ್ಟ. ಮಲಪ್ರಭಾ ನೀರಿನ ಕರದ ವಿಚಾರವಾಗಿಯೇ 1980ರಲ್ಲಿ ನರಗುಂದ, ನವಲಗುಂದದ ರೈತರು ಹೋರಾಟಕ್ಕಿಳಿದದ್ದು. ದೇವರಲ್ಲಿ ಹಾಗಿಲ್ಲ. ತಂದೆಯಿಂದ ಮಗನಿಗೆ, ಪವಿತ್ರಾತ್ಮರಿಗೆ ಬರುವಾಗ ದೈವತ್ವ ಒಂದು ಹನಿಯೂ ಕಡಿಮೆಯಾಗುವುದಿಲ್ಲ.

ಕಡಿಮೆ ಅಂದ್ರ ಏನಾಗ್ತಿತ್ತು?

ಅಲೆಕ್ಸಾಂಡ್ರಿಯದ ಆರಿಯುಸ್ ಎಂಬ ಗುರು, ಮಗನು ದೇವರ ಸೃಷ್ಟಿ, ತಂದೆಗಿಂತ ಕೆಳಗಿನವನು ಎಂದು ಬೋಧಿಸಿದರು. 325ರಲ್ಲಿ ನೈಸಿಯ ಎಂಬಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಅದನ್ನು ಒಪ್ಪಲಿಲ್ಲ. ಮಗನೂ ತಂದೆಯೂ ಒಂದೇ ದೈವಸ್ವರೂಪ ಎಂದು ಸಾರಿತು. ಪವಿತ್ರಾತ್ಮರಿಗೂ ಅದೇ ಆರಾಧನೆ ಸಲ್ಲಬೇಕೆಂದು 381ರ ಕಾನ್ಸ್ಟಾಂಟಿನೋಪಲ್ ಸಭೆ ಹೇಳಿತು. ನೈಸಿಯ ಸಭೆಗೆ 2025ರಲ್ಲಿ 1,700 ವರ್ಷ ತುಂಬಿತು.

ಇದು ಪಂಡಿತರ ವಾದ, ನಮಗ್ಯಾಕ ಅನ್ನಬೇಡಿರಿ. ಊರಿಗೆ ಬರ ಬಿದ್ದಾಗ ಸಾಹೇಬರು ತಾವು ಬರದೆ ಜವಾನನನ್ನು ಕಳಿಸಿದರೆ ನಿಮಗೆ ಹೇಗನಿಸುತ್ತದೆ? ಯೇಸು ದೇವರಿಗಿಂತ ಕಡಿಮೆಯವರಾಗಿದ್ದರೆ, ನಮ್ಮ ಕಷ್ಟಕ್ಕೆ ದೇವರು ತಾವೇ ಬರಲಿಲ್ಲ, ಬೇರೆಯವರನ್ನು ಕಳಿಸಿ ಕೂತರು ಎಂದಾಗುತ್ತಿತ್ತು. ಹಸಿದವರ ಜೊತೆ ಉಂಡವರು, ಜನ ಕಲ್ಲೆಸೆಯಲು ನಿಂತಾಗ ಆ ಹೆಣ್ಣನ್ನು ಉಳಿಸಿದವರು, ಶಿಲುಬೆಯಲ್ಲಿ ಸತ್ತವರು ಸ್ವತಃ ದೇವರೇ ಎಂಬುದು ನಮ್ಮ ನಂಬಿಕೆ. ಹಾಗೆಯೇ ಪವಿತ್ರಾತ್ಮ ಗಂಡುಮಕ್ಕಳ ಮೇಲಷ್ಟೇ ಅಲ್ಲ, ಹೆಣ್ಣುಮಕ್ಕಳ ಮೇಲೆ, ದಾಸಿಯರ ಮೇಲೂ ಇಳಿದು ಬರುತ್ತಾರೆ ಎಂದು ಪ್ರೇಷಿತರ ಕಾರ್ಯಕಲಾಪಗಳ 2ನೇ ಅಧ್ಯಾಯ ಹೇಳುತ್ತದೆ. ಅಂದರೆ ದೇವರು ನಮ್ಮ ಮೇಲಿದ್ದಾರೆ, ನಮ್ಮ ಜೊತೆ ನಡೆದರು, ನಮ್ಮೊಳಗೂ ಇದ್ದಾರೆ.

ಸಂಘಕ್ಕೆ ಏನು ಪಾಠ?

ದೇವರು ಪ್ರೀತಿಸ್ವರೂಪಿ ಎನ್ನುತ್ತದೆ ಯೊವಾನ್ನರ ಮೊದಲ ಪತ್ರ. ಒಂಟಿಯಾಗಿ ಯಾರೂ ಪ್ರೀತಿಸಲಾರರು. ದೇವರ ಬದುಕೇ ಕೂಡಿ ಬಾಳುವ ಬದುಕು. ಅಲ್ಲಿ ತಂದೆ ಮಗನಲ್ಲ, ಮಗ ಪವಿತ್ರಾತ್ಮರಲ್ಲ, ಆದರೂ ಮೇಲು-ಕೀಳಿಲ್ಲ. ತಾನೂ ತಂದೆಯೂ ಒಂದಾಗಿರುವಂತೆ ಇವರೂ ಒಂದಾಗಿರಲಿ ಎಂದು ಯೇಸು ಪ್ರಾರ್ಥಿಸಿದರು (ಯೊವಾನ್ನ 17:21).

ನಮ್ಮ ಸಂಘದಲ್ಲಿ ಒಬ್ಬಾಕಿ ಸಹಿ ಮಾಡ್ತಾಳ, ಇನ್ನೊಬ್ಬಾಕಿ ಹೆಬ್ಬೆಟ್ಟು ಒತ್ತತಾಳ. ಒಬ್ಬಾಕಿಗೆ ಹೊಲ ಐತಿ, ಇನ್ನೊಬ್ಬಾಕಿ ಕೂಲಿಗೆ ಹೋಗ್ತಾಳ. ಬೇರೆಬೇರೆ ಇರುವುದು ತಪ್ಪಲ್ಲ. ಆದರೆ ಗಂಡ ತೀರಿದವಳು, ಕೇರಿಯವಳು ಎಂದು ಒಬ್ಬಳನ್ನು ಬಾಗಿಲ ಹತ್ತಿರ ಕೂರಿಸಿದರೆ, ಪಾಸ್‌ಬುಕ್ ತೋರಿಸದಿದ್ದರೆ, ಅದು ಹೆಸರಿಗೆ ಮಾತ್ರ ಸಂಘ. ಮೂರು ಹೆಸರು ಹೇಳಿ ಶಿಲುಬೆ ಗುರುತು ಹಾಕಿಕೊಳ್ಳುವ ಕ್ರೈಸ್ತ ಸದಸ್ಯೆ ಇದನ್ನು ಮೊದಲು ನೆನಪಿಡಬೇಕು.

ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿರಿ:

1. ನಮ್ಮ ಸಂಘದಲ್ಲಿ ಇದುವರೆಗೆ ಮಾತಾಡದ ಸದಸ್ಯೆ ಯಾರು? ಯಾಕೆ?
2. ಸಾಲದ ಸರದಿಯಲ್ಲಿ ಯಾವಾಗಲೂ ಕೊನೆಗೆ ಉಳಿಯುವವರು ಯಾರು?
3. ಬೇರೆ ಧರ್ಮದ ಗೆಳತಿಯ ನಂಬಿಕೆಯ ಬಗ್ಗೆ ನಾವು ಅವಳನ್ನೇ ಕೇಳಿ ತಿಳಿದಿದ್ದೇವೆಯೇ?